ಸಿಪ್ಯಾಪ್ ಯಂತ್ರದ ಜೊತೆ ವಿಮಾನ ಪ್ರಯಾಣ: ಯಂತ್ರ ಕೈಯಲ್ಲಿ, ನೀರು ಹೊರಗೆ, ಕರೆಂಟಿನ ಲೆಕ್ಕ ಮೊದಲೇ

ಕೆಲವು ವರ್ಷಗಳ ಹಿಂದೆ ದೂರದ ಪ್ರಯಾಣಕ್ಕೆ ಹೊರಟಾಗ, ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಊದುವ ನನ್ನ ಸಿಪ್ಯಾಪ್ ಯಂತ್ರವನ್ನು ಬಟ್ಟೆಗಳ ನಡುವೆ ಸುತ್ತಿ, ದೊಡ್ಡ ಸೂಟ್‌ಕೇಸಿನಲ್ಲಿಟ್ಟು ಚೆಕ್-ಇನ್ ಕೌಂಟರಿನಲ್ಲಿ ಒಪ್ಪಿಸಿದೆ. ಬಟ್ಟೆಯ ಮಧ್ಯೆ ಭದ್ರವಾಗಿರುತ್ತದೆ ಎಂದುಕೊಂಡಿದ್ದೆ. ನಾನು ಊರು ತಲುಪಿದೆ, ಸೂಟ್‌ಕೇಸ್ ತಲುಪಲಿಲ್ಲ. ಅದು ಕೈಗೆ ಸಿಕ್ಕಿದ್ದು ಮೂರನೇ ದಿನ. ನಡುವಿನ ಎರಡು ರಾತ್ರಿಗಳನ್ನು ದಿಂಬು ಎತ್ತರ ಮಾಡಿಕೊಂಡು, ಮಗ್ಗುಲು ಬದಲಾಯಿಸುತ್ತ, ಅರ್ಧ ಕುಳಿತು ಅರ್ಧ ಮಲಗಿ ಕಳೆದೆ. ಉಸಿರು ಕಟ್ಟಿ ಬೆಚ್ಚಿ ಏಳುವುದು, ಮತ್ತೆ ಮಂಪರು, ಮತ್ತೆ ಬೆಚ್ಚುವುದು. ಬೆಳಗಾದ ಮೇಲೆ ಎದುರಿಗಿದ್ದವರ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಅವತ್ತಿನಿಂದ ಈ ಯಂತ್ರ ನನ್ನ ಕೈ ಬಿಟ್ಟು ಹೋಗಿಲ್ಲ. ಹೊಸದಾಗಿ ಸಿಪ್ಯಾಪ್ ಹಾಕಿಕೊಳ್ಳಲು ಶುರುಮಾಡಿ, ಇನ್ನು ಮುಂದೆ ವಿಮಾನ ಹತ್ತುವುದು ಹೇಗೆ ಎಂದು ಹಿಂಜರಿಯುತ್ತಿರುವವರಿಗೆ ನನಗೆ ತಿಳಿದದ್ದನ್ನೆಲ್ಲ ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಂತ್ರ ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾಗಬೇಕು. ಸ್ಲೀಪ್ ಆಪ್ನಿಯಾ ಇರುವವರಿಗೆ ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ದಾರಿ ತೆರೆದುಕೊಳ್ಳುತ್ತದೆ. ರಾತ್ರಿಯಿಡೀ ಇದೇ ನಡೆಯುತ್ತದೆ. 1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಒಂದು ಸರಳ ಉಪಾಯ ಮಾಡಿದರು: ಮೂಗಿನ ಮೂಲಕ ಒಂದೇ ಸಮನೆ ಸಣ್ಣ ಒತ್ತಡದಲ್ಲಿ ಗಾಳಿ ಬಿಟ್ಟರೆ ಆ ಗಾಳಿಯೇ ಗಂಟಲನ್ನು ಒಳಗಿನಿಂದ ಅಗಲಿಸಿ ಹಿಡಿಯುತ್ತದೆ. 1981ರಲ್ಲಿ ಅದು ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಯಂತ್ರಗಳೂ ಮೂಲದಲ್ಲಿ ಮಾಡುವುದು ಇದನ್ನೇ. ಒಳಗೊಂದು ಸಣ್ಣ ಫ್ಯಾನ್, ಹೊರಗೊಂದು ಪೈಪ್, ತುದಿಗೊಂದು ಮಾಸ್ಕ್.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. "ವಿಮಾನದೊಳಗೆ ಹೇಗೂ ಒತ್ತಡದ ಗಾಳಿ ತುಂಬಿರುತ್ತಾರಲ್ಲ, ಯಂತ್ರ ಯಾಕೆ ಬೇಕು?" ಎಂದು ಹಲವರು ಕೇಳುತ್ತಾರೆ. ಉತ್ತರ ಲೆಕ್ಕದಲ್ಲಿದೆ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1033 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮ. ಸಿಪ್ಯಾಪ್ ಕೊಡುವುದು 4ರಿಂದ 20 ಸೆಂಟಿಮೀಟರಿನಷ್ಟು ಮಾತ್ರ. ಹತ್ತರ ಒತ್ತಡದಲ್ಲಿ ಮಲಗುವವರಿಗೆ ಸಿಗುವುದು ಸುತ್ತಲಿನ ಗಾಳಿಗಿಂತ ನೂರರಲ್ಲಿ ಒಂದು ಪಾಲು ಹೆಚ್ಚು, ಅಷ್ಟೆ. ಗಂಟಲನ್ನು ತೆರೆದಿಡುವುದು ಈ ಹೆಚ್ಚುವರಿ, ಅಂದರೆ ಗಂಟಲಿನೊಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ. ಕ್ಯಾಬಿನ್ ತುಂಬ ಒಂದೇ ಒತ್ತಡ ಇರುವುದರಿಂದ ಅಲ್ಲಿ ಈ ವ್ಯತ್ಯಾಸವೇ ಹುಟ್ಟುವುದಿಲ್ಲ. ಮನೆಯಲ್ಲಿ ಮುಚ್ಚಿಕೊಳ್ಳುವ ಗಂಟಲು ಆಕಾಶದಲ್ಲೂ ಮುಚ್ಚಿಕೊಳ್ಳುತ್ತದೆ.

ನಿಜ ಹೇಳಬೇಕೆಂದರೆ ಅಲ್ಲಿ ಪರಿಸ್ಥಿತಿ ಸ್ವಲ್ಪ ಕಷ್ಟವೇ. ವಿಮಾನ 35,000 ಅಡಿ ಮೇಲೆ ಹಾರುವಾಗ ಕ್ಯಾಬಿನ್ನಿನ ಒತ್ತಡವನ್ನು ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಇದು ಸುಮಾರು 6,000 ಅಡಿ. ಎಂಟು ಸಾವಿರ ಅಡಿಯಲ್ಲಿ ಉಸಿರಾಡುವುದು, ನೆಲದ ಮೇಲೆ ಶೇಕಡ 21ರ ಬದಲು 15ರಷ್ಟು ಆಮ್ಲಜನಕ ಇರುವ ಗಾಳಿಯನ್ನು ಉಸಿರಾಡಿದ ಹಾಗೆ. ಆರೋಗ್ಯವಂತರಿಗೂ ರಕ್ತದ ಆಮ್ಲಜನಕದ ಮಟ್ಟ ಶೇಕಡ ತೊಂಬತ್ತರ ಆಸುಪಾಸಿಗೆ ಇಳಿಯಬಹುದು. ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ತೊಂಬತ್ತರಿಂದ ಕೆಳಗೆ ಇಳಿಜಾರು ಕಡಿದಾಗಿದೆ: ಅಲ್ಲಿಂದ ಮುಂದೆ ಉಸಿರು ಸ್ವಲ್ಪ ನಿಂತರೂ ಮಟ್ಟ ದಬದಬನೆ ಕುಸಿಯುತ್ತದೆ. ಮನೆಯಲ್ಲಿ ತೊಂಬತ್ತೇಳರಿಂದ ಇಳಿಯಲು ಶುರುವಾಗುತ್ತಿದ್ದದ್ದು ಇಲ್ಲಿ ಆ ಇಳಿಜಾರಿನ ಅಂಚಿನಿಂದಲೇ ಶುರುವಾಗುತ್ತದೆ. ಸಿಪ್ಯಾಪ್ ಆಮ್ಲಜನಕವನ್ನು ಸೇರಿಸುವುದಿಲ್ಲ, ಸುತ್ತಲಿನ ಗಾಳಿಯನ್ನೇ ತಳ್ಳುತ್ತದೆ ಎಂಬುದೂ ನೆನಪಿರಲಿ. ಆದ್ದರಿಂದ ಆಪ್ನಿಯಾದ ಜೊತೆ ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇರುವವರು ಟಿಕೆಟ್ ತೆಗೆಸುವ ಮೊದಲೇ ವೈದ್ಯರನ್ನು ಕಾಣಬೇಕು. ಶೇಕಡ 15 ಆಮ್ಲಜನಕದ ಗಾಳಿ ಕೊಟ್ಟು ನೋಡುವ ಪರೀಕ್ಷೆಯೇ ಇದೆ, ಅಗತ್ಯವಿದ್ದರೆ ಅವರು ಮಾಡಿಸುತ್ತಾರೆ.

ಯಂತ್ರದ ಮಟ್ಟಿಗೆ ಹೇಳುವುದಾದರೆ, ತೆಳು ಗಾಳಿಯಲ್ಲಿ ಅದೇ ಒತ್ತಡ ಹುಟ್ಟಿಸಲು ಫ್ಯಾನ್ ಇನ್ನೂ ಜೋರಾಗಿ ತಿರುಗಬೇಕು. ಈಗಿನ ಯಂತ್ರಗಳು ಒತ್ತಡವನ್ನು ತಾವೇ ಅಳೆದು ತಾವೇ ಸರಿಮಾಡಿಕೊಳ್ಳುತ್ತವೆ. ತುಂಬ ಹಳೆಯ ಮಾದರಿಗಳಲ್ಲಿ ಎತ್ತರಕ್ಕೆ ತಕ್ಕಂತೆ ನಾವೇ ಸೆಟ್ಟಿಂಗ್ ಬದಲಾಯಿಸಬೇಕಿತ್ತು. ನಿಮ್ಮದು ಯಾವುದೆಂದು ಕೈಪಿಡಿಯಲ್ಲಿ ನೋಡಿ. ಎಷ್ಟು ಎತ್ತರದವರೆಗೆ ಕೆಲಸ ಮಾಡುತ್ತದೆ ಎಂದೂ ಅಲ್ಲೇ ಬರೆದಿರುತ್ತದೆ. ರೆಸ್ಮೆಡ್ ಕಂಪನಿಯ ಏರ್‌ಸೆನ್ಸ್ 10 ಮಾದರಿಗೆ ಅದು 2,591 ಮೀಟರ್, ಅಂದರೆ 8,500 ಅಡಿ. ಕ್ಯಾಬಿನ್ನಿನ ಮಿತಿಗಿಂತ ತುಸು ಮೇಲೆ.

ಸೆಕ್ಯುರಿಟಿ ಟ್ರೇ ಮುಂದೆ

ಯಂತ್ರ ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಸಾಮಾನಿನ ಬೆಲ್ಟಿನ ಮೇಲೆ ಬೀಳುವ ಏಟು ಒಂದು ಕಡೆ, ಬ್ಯಾಗ್ ಬೇರೆ ಊರಿಗೆ ಹೋಗುವ ಅಪಾಯ ಇನ್ನೊಂದು ಕಡೆ. ಅಮೆರಿಕದ ಸಾರಿಗೆ ನಿಯಮದಲ್ಲಿ ಇಂಥ ಯಂತ್ರವನ್ನು ಸಹಾಯಕ ಸಾಧನವೆಂದು ಪರಿಗಣಿಸಿ, ಕೈಸಾಮಾನಿನ ಲೆಕ್ಕಕ್ಕೆ ಹಿಡಿಯಬಾರದು ಎಂದೇ ಇದೆ. ಯುರೋಪಿನ ವಿಮಾನ ಪ್ರಯಾಣಿಕರ ನಿಯಮಗಳಲ್ಲೂ ಅಂಗವಿಕಲರು ಮತ್ತು ಓಡಾಟದ ತೊಂದರೆ ಇರುವವರ ವೈದ್ಯಕೀಯ ಸಲಕರಣೆಗೆ ರಕ್ಷಣೆ ಇದೆ. ಉಳಿದ ಕಡೆ ಬಹಳಷ್ಟು ಏರ್‌ಲೈನ್‌ಗಳು ಕೇಳಿದರೆ ಒಪ್ಪುತ್ತವೆ, ಆದರೆ ಕೇಳಬೇಕು. ಆ ಒಪ್ಪಿಗೆಯನ್ನು ಇಮೇಲಿನಲ್ಲಿ ತರಿಸಿಕೊಂಡು ಮೊಬೈಲಿನಲ್ಲಿಟ್ಟುಕೊಳ್ಳಿ. ಬೋರ್ಡಿಂಗ್ ಗೇಟಿನಲ್ಲಿ ಗಡಿಬಿಡಿಯಲ್ಲಿರುವ ಸಿಬ್ಬಂದಿಯ ಎದುರು ಬಾಯಿಮಾತಿಗಿಂತ ಬರಹ ಹೆಚ್ಚು ಕೆಲಸ ಮಾಡುತ್ತದೆ. ಯಂತ್ರದ ಬ್ಯಾಗಿನಲ್ಲಿ ಯಂತ್ರಕ್ಕೆ ಸಂಬಂಧಿಸಿದ್ದು ಮಾತ್ರ ಇರಲಿ. ಒಂದು ಶರ್ಟ್ ತುರುಕಿದರೂ ಅದು ಮಾಮೂಲಿ ಬ್ಯಾಗ್ ಆಗಿಬಿಡುತ್ತದೆ.

ತಪಾಸಣೆಯಲ್ಲಿ ಅಳುಕಲು ಏನೂ ಇಲ್ಲ. ಅಲ್ಲಿನವರು ಇಂಥ ಯಂತ್ರಗಳನ್ನು ದಿನವೂ ನೋಡಿರುತ್ತಾರೆ. ಸಾಮಾನ್ಯವಾಗಿ ಲ್ಯಾಪ್‌ಟಾಪಿನಂತೆ ಯಂತ್ರವನ್ನು ಬ್ಯಾಗಿನಿಂದ ಹೊರತೆಗೆದು ಟ್ರೇಯಲ್ಲಿ ಇಡಲು ಹೇಳುತ್ತಾರೆ. ಮಾಸ್ಕ್ ಮತ್ತು ಪೈಪ್ ಬಹುತೇಕ ಕಡೆ ಬ್ಯಾಗಿನಲ್ಲೇ ಇರಬಹುದು. ನಾನು ಮಾಡುವುದು ಇಷ್ಟು: ಮನೆಯಿಂದ ಹೊರಡುವಾಗಲೇ ಯಂತ್ರವನ್ನು ಒಂದು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಬ್ಯಾಗಿನಲ್ಲಿಡುತ್ತೇನೆ. ಟ್ರೇಯಲ್ಲಿ ಅದು ಆ ಚೀಲದೊಳಗೇ ಕೂರುತ್ತದೆ. ನಮ್ಮ ಮುಂದಿನವರ ಬೂಟು ಕೂತಿದ್ದ ಟ್ರೇ ಅದು. ಯಂತ್ರ ಗಾಳಿ ಎಳೆದುಕೊಳ್ಳುವ ಕಿಂಡಿ ಅದರ ತಳಕ್ಕೆ ತಾಗಬಾರದು. ಕೆಲವೊಮ್ಮೆ ಸ್ಫೋಟಕದ ಕುರುಹು ಹುಡುಕಲು ಸಣ್ಣ ಬಟ್ಟೆಚೂರಿನಿಂದ ಯಂತ್ರವನ್ನು ಒರೆಸಿ ನೋಡುತ್ತಾರೆ. ಆಗ "ದಯವಿಟ್ಟು ಗ್ಲೌಸ್ ಬದಲಾಯಿಸಿ, ಇದು ಮೂಗಿಗೆ ಹಾಕಿಕೊಳ್ಳುವ ಯಂತ್ರ" ಎಂದು ಮೆತ್ತಗೆ ಹೇಳಿ. ನನಗೆ ಇದುವರೆಗೆ ಯಾರೂ ಇಲ್ಲ ಎಂದಿಲ್ಲ.

ವೈದ್ಯರ ಒಂದು ಪತ್ರ ಜೊತೆಗಿರಲಿ. ಕಾಯಿಲೆಯ ಹೆಸರು, ಯಂತ್ರದ ಹೆಸರು, ಒತ್ತಡದ ಸೆಟ್ಟಿಂಗ್, ಪ್ರಯಾಣದಲ್ಲಿ ಬೇಕೇ ಬೇಕು ಎಂಬ ಒಂದು ಸಾಲು, ಇಷ್ಟಿದ್ದರೆ ಸಾಕು. ಹೆಚ್ಚಿನವರು ಅದನ್ನು ಓದುವುದೂ ಇಲ್ಲ. ಆದರೆ ಯಂತ್ರ ದಾರಿಯಲ್ಲಿ ಕೈಕೊಟ್ಟರೆ ಅಪರಿಚಿತ ಊರಿನಲ್ಲಿ ಬಾಡಿಗೆಗೆ ಇನ್ನೊಂದನ್ನು ಪಡೆಯಲು ಆ ಸೆಟ್ಟಿಂಗ್ ಬರೆದಿರುವ ಕಾಗದವೇ ಬೇಕಾಗುತ್ತದೆ. ಯಂತ್ರದ ತಳದಲ್ಲಿರುವ ಲೇಬಲ್ಲಿನ ಒಂದು ಫೋಟೋ ಕೂಡ ತೆಗೆದಿಟ್ಟುಕೊಳ್ಳಿ.

ಇನ್ನು ನೀರು. ಮನೆಯಿಂದ ಹೊರಡುವ ಬೆಳಗ್ಗೆಯೇ ಹ್ಯುಮಿಡಿಫೈಯರ್ ಡಬ್ಬಿಯನ್ನು, ಅಂದರೆ ಊದುವ ಗಾಳಿಗೆ ತೇವ ಸೇರಿಸಲು ನೀರು ತುಂಬುವ ಡಬ್ಬಿಯನ್ನು, ಖಾಲಿ ಮಾಡಿ, ಒರೆಸಿ, ಒಣಗಿಸಿ ಇಡಬೇಕು. ಡಬ್ಬಿಯಲ್ಲಿ ನಾಲ್ಕು ಚಮಚ ನೀರು ಉಳಿದರೂ ಬ್ಯಾಗ್ ಓರೆಯಾದ ಕೂಡಲೇ ಅದು ಫ್ಯಾನಿನ ಕಡೆಗೆ ಹರಿಯುತ್ತದೆ. ನೀರು ಕುಡಿದ ಮೋಟಾರು ಮತ್ತೆ ಮೊದಲಿನಂತಾಗುವುದು ಅನುಮಾನ.

ಎಲ್ಲ ನಿಂತಿರುವುದು ಕರೆಂಟಿನ ಮೇಲೆ

ಯಂತ್ರವನ್ನು ಜೊತೆಗೆ ಒಯ್ಯುವುದು ಒಂದು ವಿಷಯ, ಆಕಾಶದಲ್ಲಿ ಅದನ್ನು ಓಡಿಸುವುದು ಇನ್ನೊಂದು. ಎರಡನೆಯದಕ್ಕೆ ಏರ್‌ಲೈನಿನ ಅನುಮತಿ ಬೇಕು. ಅಮೆರಿಕಕ್ಕೆ ಹೋಗಿಬರುವ ವಿಮಾನಗಳಿಗೆ ಅನ್ವಯಿಸುವ ನಿಯಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2009ರಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ, ವಿಮಾನದ ಉಪಕರಣಗಳಿಗೆ ತೊಂದರೆ ಕೊಡದ ಸಾಧನ ಎಂಬ ಲೇಬಲ್ ಯಂತ್ರದ ಮೇಲಿದ್ದರೆ 19ಕ್ಕಿಂತ ಹೆಚ್ಚು ಸೀಟಿನ ವಿಮಾನದಲ್ಲಿ ಬಳಸಲು ಬಿಡಬೇಕು. ಲೇಬಲ್ಲಿನಲ್ಲಿ ಆರ್‌ಟಿಸಿಎ ಡಿಒ-160 (RTCA DO-160) ಎಂಬ ಮಾನದಂಡದ ಹೆಸರು ಕಾಣುತ್ತದೆಯೇ ನೋಡಿ. ಪ್ರಯಾಣಕ್ಕೆ 48 ಗಂಟೆ ಮೊದಲು ತಿಳಿಸಬೇಕು, ಚೆಕ್-ಇನ್‌ಗೆ ಒಂದು ಗಂಟೆ ಮುಂಚೆ ಬರಬೇಕು ಎಂದು ಏರ್‌ಲೈನ್ ಕೇಳಬಹುದು. ಇನ್ನೊಂದು ಮುಖ್ಯ ಷರತ್ತನ್ನೂ ಹಾಕಬಹುದು: ಹಾರಾಟದ ಗರಿಷ್ಠ ಅವಧಿಯ ಒಂದೂವರೆ ಪಟ್ಟು ಹೊತ್ತು ನಡೆಯುವಷ್ಟು ತುಂಬಿದ ಬ್ಯಾಟರಿ ನಿಮ್ಮ ಬಳಿ ಇರಬೇಕು.

ಸೀಟಿನ ಕೆಳಗೆ ಪ್ಲಗ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ, ಆದರೆ ಅದು ನಂಬುವಂಥದ್ದಲ್ಲ. ಅದು ಲ್ಯಾಪ್‌ಟಾಪಿಗೆಂದು ಇಟ್ಟದ್ದು, ಹೆಚ್ಚಾಗಿ ಎಪ್ಪತ್ತೈದು ವ್ಯಾಟ್ ಆಸುಪಾಸಿನ ಮಿತಿ ಇರುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಅದು ತಾನಾಗಿ ಆಫ್ ಆಗುತ್ತದೆ. ವಿಮಾನ ಏರುವಾಗ, ಇಳಿಯುವಾಗ ಸಿಬ್ಬಂದಿ ಅದನ್ನು ಆಫ್ ಮಾಡುವುದೂ ಉಂಟು. ಕೊನೆಗಳಿಗೆಯಲ್ಲಿ ವಿಮಾನ ಬದಲಾಗಿ, ಪ್ಲಗ್ಗೇ ಇಲ್ಲದ ಸೀಟು ಸಿಗಬಹುದು. ಹಾಗಾಗಿ ಬ್ಯಾಟರಿಯೇ ಮುಖ್ಯ, ಪ್ಲಗ್ ಸಿಕ್ಕರೆ ಅದೃಷ್ಟ ಎಂದುಕೊಂಡು ಹೊರಡುವುದು ಒಳ್ಳೆಯದು.

ಬ್ಯಾಟರಿಯ ನಿಯಮಗಳು ಹೆಚ್ಚುಕಡಿಮೆ ಜಗತ್ತಿನೆಲ್ಲೆಡೆ ಒಂದೇ. ಲೀಥಿಯಂ ಅಯಾನ್ ಬ್ಯಾಟರಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟು ತುಂಬಿರುತ್ತದೆ ಎಂಬ ಅಳತೆ) ಒಳಗಿದ್ದರೆ ವಿಶೇಷ ಅನುಮತಿ ಬೇಡ. 100ರಿಂದ 160ರವರೆಗಿನವಕ್ಕೆ ಏರ್‌ಲೈನಿನ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ದಾಟಿದ ಬಿಡಿ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯುವ ಹಾಗಿಲ್ಲ. ಬಿಡಿ ಬ್ಯಾಟರಿಗಳೆಲ್ಲ ಕ್ಯಾಬಿನ್ನಿನಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಅಲ್ಲ. ತುದಿಗಳು ಲೋಹಕ್ಕೆ ತಾಗದಂತೆ ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಬೇಕು.

ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಬರೆಯದೆ ಎಂಎಎಚ್ (mAh) ಮಾತ್ರ ಬರೆದಿದ್ದರೆ ಹೀಗೆ ಲೆಕ್ಕ ಹಾಕಿ: ಎಂಎಎಚ್ ಸಂಖ್ಯೆಯನ್ನು 1000ದಿಂದ ಭಾಗಿಸಿ, ವೋಲ್ಟಿನಿಂದ ಗುಣಿಸಿ. 20,000 ಎಂಎಎಚ್, 3.7 ವೋಲ್ಟ್ ಆದರೆ 74 ವ್ಯಾಟ್-ಅವರ್. 27,000 ಆದರೆ 99.9. ಮಾರುಕಟ್ಟೆಯಲ್ಲಿ ಆ ವಿಚಿತ್ರ ಸಂಖ್ಯೆಯ ಪವರ್ ಬ್ಯಾಂಕುಗಳು ಕಾಣುವುದು ನೂರರ ಗೆರೆಗೆ ಅದು ಒಂದು ಕೂದಲೆಳೆ ಕೆಳಗಿರುವುದರಿಂದಲೇ. ಬರಹ ಅಳಿಸಿಹೋದ ಬ್ಯಾಟರಿಯನ್ನು ಒಯ್ಯಬೇಡಿ. ಬರಹ ಓದಲಾಗದ ಬ್ಯಾಟರಿಯನ್ನು ತಪಾಸಣೆಯವರು ಒಳಗೆ ಬಿಡುವುದು ಕಷ್ಟ.

ಈಗ ನಿಜವಾದ ಲೆಕ್ಕಕ್ಕೆ ಬರೋಣ. ನಿಮ್ಮ ಯಂತ್ರ ಬರೀ ಗಾಳಿ ಊದಲು ಗಂಟೆಗೆ 10 ವ್ಯಾಟ್-ಅವರ್ ಬಳಸುತ್ತದೆ ಎಂದುಕೊಳ್ಳಿ. ಹತ್ತು ಗಂಟೆಯ ಹಾರಾಟಕ್ಕೆ ಒಂದೂವರೆ ಪಟ್ಟು ಎಂದರೆ ಹದಿನೈದು ಗಂಟೆ, ಅಂದರೆ 150 ವ್ಯಾಟ್-ಅವರ್. ನೂರರ ಒಳಗಿನ ಎರಡು ಬ್ಯಾಟರಿ ಇದ್ದರೆ ಆಯಿತು. ಅದೇ ಯಂತ್ರದ ಹ್ಯುಮಿಡಿಫೈಯರನ್ನೂ ಬಿಸಿ ಪೈಪನ್ನೂ ಆನ್ ಮಾಡಿದರೆ? ನೀರು ಕಾಯಿಸುವುದು ಗಾಳಿ ಊದುವುದಕ್ಕಿಂತ ಎಷ್ಟೋ ಪಟ್ಟು ಕರೆಂಟು ತಿನ್ನುವ ಕೆಲಸ. ಗಂಟೆಗೆ 40 ಎಂದು ಹಿಡಿದರೂ ಹದಿನೈದು ಗಂಟೆಗೆ 600 ವ್ಯಾಟ್-ಅವರ್ ಆಗುತ್ತದೆ. ನೂರರ ಒಳಗಿನ ಬ್ಯಾಟರಿಗಳೇ ಆರಕ್ಕಿಂತ ಹೆಚ್ಚು ಬೇಕಾಗುತ್ತವೆ, ಅಷ್ಟನ್ನು ಕೈಯಲ್ಲಿ ಹೊತ್ತೊಯ್ಯುವುದು ಕಷ್ಟ. ಹಾಗಾಗಿ ವಿಮಾನದಲ್ಲಿ ಹ್ಯುಮಿಡಿಫೈಯರ್ ಬೇಡ. ವಿಮಾನ ಅಲುಗಾಡಿ ಡಬ್ಬಿಯ ನೀರು ಮಾಸ್ಕಿಗೆ ಬರುವ ಅಪಾಯವೂ ಆಗ ಇರುವುದಿಲ್ಲ.

ಬ್ಯಾಟರಿ ಕೊಳ್ಳುವಾಗ ಯಂತ್ರಕ್ಕೆ ಬೇಕಾದ ವೋಲ್ಟ್ ಎಷ್ಟೆಂದು ನೋಡಿ. ಕೆಲವಕ್ಕೆ 12, ಕೆಲವಕ್ಕೆ 24. ಇಪ್ಪತ್ತನಾಲ್ಕರ ಯಂತ್ರಕ್ಕೆ ಹನ್ನೆರಡರ ಬ್ಯಾಟರಿ ಚುಚ್ಚಿದರೆ ನಡೆಯುವುದಿಲ್ಲ, ನಡುವೆ ಅದರದೇ ಕನ್ವರ್ಟರ್ ಬೇಕು. ಯಂತ್ರದ ಕಂಪನಿ ಹೇಳಿದ ಬ್ಯಾಟರಿಯನ್ನೇ ಕೊಂಡು, ಹೊರಡುವ ವಾರ ಮೊದಲು ಮನೆಯಲ್ಲಿ ಒಂದು ಪೂರ್ತಿ ರಾತ್ರಿ ಅದರ ಮೇಲೆ ಮಲಗಿ ನೋಡಿ. ಡಬ್ಬದ ಮೇಲೆ ಬರೆದ ಗಂಟೆಗಳಿಗಿಂತ ಆ ಒಂದು ರಾತ್ರಿ ಹೆಚ್ಚು ನಿಜ ಹೇಳುತ್ತದೆ, ಏಕೆಂದರೆ ನಿಮ್ಮ ಒತ್ತಡ, ನಿಮ್ಮ ಮಾಸ್ಕಿನ ಸೋರಿಕೆ ನಿಮ್ಮದೇ.

ಒಂದು ಹೊಸ ಬೆಳವಣಿಗೆಯನ್ನೂ ಗಮನಿಸಬೇಕು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿದ್ದ ಮೇಲೆ, ಪವರ್ ಬ್ಯಾಂಕುಗಳ ಬಗ್ಗೆ ಹಲವು ದೇಶಗಳೂ ಏರ್‌ಲೈನ್‌ಗಳೂ ಬಿಗಿಯಾಗಿವೆ. ಕೊರಿಯಾ ಅವನ್ನು ತಲೆ ಮೇಲಿನ ಕಪಾಟಿನಲ್ಲಿ ಇಡುವುದನ್ನು ನಿಷೇಧಿಸಿತು. ಸಿಂಗಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿತು. ಸಿಪ್ಯಾಪ್ ಬ್ಯಾಟರಿ ವೈದ್ಯಕೀಯ ಸಾಧನದ ಭಾಗ ಎಂದು ನಮಗೆ ಗೊತ್ತು, ಕ್ಯಾಬಿನ್ ಸಿಬ್ಬಂದಿಗೆ ಅದು ಇನ್ನೊಂದು ಪವರ್ ಬ್ಯಾಂಕಿನಂತೆ ಕಾಣಬಹುದು. ಅನುಮತಿ ಕೇಳುವ ಪತ್ರದಲ್ಲಿ ಯಂತ್ರದ ಜೊತೆ ಬ್ಯಾಟರಿಯ ಮಾದರಿ, ವ್ಯಾಟ್-ಅವರ್ ಎರಡನ್ನೂ ಬರೆದು, "ಹಾರಾಟದಲ್ಲಿ ಇದರಿಂದ ಯಂತ್ರ ಓಡಿಸಬಹುದೇ" ಎಂದು ನೇರವಾಗಿ ಕೇಳಿ.

ಸೀಟಿನಲ್ಲಿ ಕೂತ ಮೇಲೆ

ಪ್ರತಿ ಹಾರಾಟದಲ್ಲೂ ಯಂತ್ರ ಹಾಕಿಕೊಳ್ಳಬೇಕೇ? ಹಗಲಿನ ಮೂರು ನಾಲ್ಕು ಗಂಟೆಯ ಪ್ರಯಾಣಕ್ಕೆ ನಾನು ಹಾಕುವುದಿಲ್ಲ, ಎಚ್ಚರವಾಗಿಯೇ ಇರುತ್ತೇನೆ. ರಾತ್ರಿಯಿಡೀ ಹಾರುವ ವಿಮಾನದಲ್ಲಿ ಹಾಕಿಯೇ ಹಾಕುತ್ತೇನೆ. ಕುಳಿತು ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರುವುದು ಕಡಿಮೆಯಾಗಿ ಎಷ್ಟೋ ಜನರಿಗೆ ಆಪ್ನಿಯಾ ಸ್ವಲ್ಪ ಹಗುರವಾಗುತ್ತದೆ ಎಂಬುದು ನಿಜ. ಆದರೆ ಗಲ್ಲ ಎದೆಗೆ ಬಿದ್ದರೆ ಆ ಲಾಭವೂ ಹೋಯಿತು. ಕತ್ತಿನ ದಿಂಬನ್ನು ಹಿಂದೆ ಹಾಕಿಕೊಳ್ಳುವುದಕ್ಕಿಂತ ಗಲ್ಲದ ಕೆಳಗೆ ಬರುವಂತೆ ಮುಂದೆ ತಿರುಗಿಸಿಕೊಳ್ಳಿ. ಯಂತ್ರ ಹಾಕಿರಲಿ, ಬಿಟ್ಟಿರಲಿ, ಮದ್ಯ ಮತ್ತು ನಿದ್ದೆ ಮಾತ್ರೆಯಿಂದ ದೂರ ಇರಬೇಕು. ಅವು ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತವೆ, ಉಸಿರು ನಿಂತಾಗ ಎಬ್ಬಿಸಬೇಕಾದ ಮಿದುಳನ್ನೂ ಮಂಕಾಗಿಸುತ್ತವೆ.

ಕಿಟಕಿ ಪಕ್ಕದ ಸೀಟು ಕೇಳಿ. ಯಾರೂ ನಿಮ್ಮನ್ನು ದಾಟಿ ಹೋಗಬೇಕಿಲ್ಲ, ಪೈಪು ವೈರು ಯಾರ ಕಾಲಿಗೂ ಸಿಗುವುದಿಲ್ಲ. ಯಂತ್ರ ಮುಂದಿನ ಸೀಟಿನ ಕೆಳಗೆ ನೆಲದ ಮೇಲಿರಲಿ, ಗಾಳಿ ಎಳೆಯುವ ಕಡೆ ಕಂಬಳಿ ಮುಚ್ಚದಂತೆ ನೋಡಿಕೊಳ್ಳಿ. ಮೊಬೈಲ್ ಸಿಗ್ನಲ್ ಕಳಿಸುವ ಯಂತ್ರವಾದರೆ ಮೆನುವಿನಲ್ಲಿ ಏರ್‌ಪ್ಲೇನ್ ಮೋಡ್ ಇರುತ್ತದೆ, ಅದನ್ನು ಆನ್ ಮಾಡಿ. ಕ್ಯಾಬಿನ್ನಿನ ಗಾಳಿಯಲ್ಲಿ ತೇವಾಂಶ ಹೆಚ್ಚಾಗಿ ಶೇಕಡ 20ಕ್ಕಿಂತ ಕಡಿಮೆ. ಹ್ಯುಮಿಡಿಫೈಯರ್ ಇಲ್ಲದೆ ಮೂಗು ಒಣಗಿ ಉರಿಯುತ್ತದೆ. ಉಪ್ಪುನೀರಿನ ನೇಸಲ್ ಸ್ಪ್ರೇ ಇದಕ್ಕೆ ಸಾಕು, ಆಗಾಗ ನೀರು ಗುಟುಕರಿಸಿ. ವಿಮಾನ ಇಳಿಯಲು ಶುರುಮಾಡುವ ಮೊದಲೇ ಎಚ್ಚರಗೊಂಡು ಮಾಸ್ಕ್ ತೆಗೆಯಿರಿ. ಕಿವಿ ಕಟ್ಟದಂತೆ ಎಂಜಲು ನುಂಗುತ್ತಿರಬೇಕು, ನಿದ್ದೆಯಲ್ಲಿ ಅದು ಆಗದು. ತಲೆ ಮೇಲಿನಿಂದ ಆಮ್ಲಜನಕದ ಮಾಸ್ಕ್ ಬಿದ್ದರೆ ಯೋಚಿಸದೆ ಸಿಪ್ಯಾಪ್ ಮಾಸ್ಕ್ ಕಿತ್ತು ಅದನ್ನು ಹಾಕಿಕೊಳ್ಳಿ.

ಮಾಸ್ಕಿನ ಕ್ಲಿಪ್ಪುಗಳಲ್ಲಿ ಅಯಸ್ಕಾಂತವಿದೆಯೇ ಎಂದು ಒಮ್ಮೆ ಪರೀಕ್ಷಿಸಿ. ಪೇಸ್‌ಮೇಕರಿನಂಥ ಸಾಧನ ದೇಹದಲ್ಲಿರುವವರಿಂದ ಇಂಥ ಮಾಸ್ಕನ್ನು ಕನಿಷ್ಠ ಆರು ಇಂಚು, ಅಂದರೆ 15 ಸೆಂಟಿಮೀಟರ್ ದೂರ ಇಡಬೇಕೆಂದು ತಯಾರಕರೇ ಎಚ್ಚರಿಸಿದ್ದಾರೆ. ಪಕ್ಕದ ಸೀಟಿನವರ ಎದೆ ಮತ್ತು ನಿಮ್ಮ ತಲೆ ನಿದ್ದೆಯಲ್ಲಿ ಅಷ್ಟು ಹತ್ತಿರ ಬರುವುದು ವಿಮಾನದಲ್ಲಿ ಸುಲಭ. ಅಯಸ್ಕಾಂತವಿಲ್ಲದ ಮಾಸ್ಕ್ ಪ್ರಯಾಣಕ್ಕೆ ಮೇಲು.

ಇಷ್ಟೆಲ್ಲ ಸರಿಯಿದ್ದರೂ ಬಹಳ ಜನ ವಿಮಾನದಲ್ಲಿ ಮಾಸ್ಕ್ ಹಾಕುವುದಿಲ್ಲ. ಕಾರಣ ನಾಚಿಕೆ. ನನಗೂ ಮೊದಲ ಸಲ ಕೈ ನಡುಗಿತ್ತು. ದೀಪ ಆರುವವರೆಗೆ ಕಾದು, ಕಂಬಳಿಯೊಳಗೆ ಮಾಸ್ಕ್ ಕಟ್ಟಿಕೊಂಡಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಸ್ವಲ್ಪ ಹೊತ್ತು ನೋಡಿ, "ನಮ್ಮ ಯಜಮಾನರಿಗೂ ಇದೇ, ಅವರು ಮನೆಯಲ್ಲೂ ಹಾಕಿಕೊಳ್ಳೋದಿಲ್ಲ. ಇದನ್ನು ಹಾಕಿಕೊಂಡು ನಿದ್ದೆ ಬರುತ್ತಾ?" ಎಂದು ಕೇಳಿದರು. ಬರುತ್ತದೆ ಎಂದೆ. ಸದ್ದಿನ ಮಾತಿಗೆ ಬಂದರೆ, ಯಂತ್ರದ್ದು ಮೂವತ್ತು ಡೆಸಿಬೆಲ್ ಆಸುಪಾಸು, ಹಾರುವ ವಿಮಾನದ ಕ್ಯಾಬಿನ್ನಿನದು ಎಂಬತ್ತರ ಆಸುಪಾಸು. ನಮ್ಮ ಯಂತ್ರದ ಸದ್ದು ನಮಗೇ ಕೇಳಿಸುವುದಿಲ್ಲ. ಕೇಳಿಸುವುದು ಅದಿಲ್ಲದಾಗಿನ ಗೊರಕೆ.

ತಲುಪಿದ ಮೇಲೆ

ಈಗಿನ ಹೆಚ್ಚಿನ ಯಂತ್ರಗಳ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ಎಲ್ಲಕ್ಕೂ ಹೊಂದುತ್ತದೆ. ಅಡಾಪ್ಟರಿನ ಮೇಲಿನ ಬರಹದಲ್ಲಿ ಈ ಎರಡು ಸಂಖ್ಯೆ ಇದ್ದರೆ ವೋಲ್ಟ್ ಬದಲಿಸುವ ಭಾರದ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ, ಪ್ಲಗ್ಗಿನ ಆಕಾರ ಬದಲಿಸುವ ಸಣ್ಣ ಟ್ರಾವೆಲ್ ಪ್ಲಗ್ ಸಾಕು. ಜೊತೆಗೊಂದು ಎಕ್ಸ್‌ಟೆನ್ಶನ್ ವೈರ್ ಇರಲಿ, ಎಷ್ಟೋ ಕೋಣೆಗಳಲ್ಲಿ ಸಾಕೆಟ್ ಹಾಸಿಗೆಯಿಂದ ದೂರದ ಗೋಡೆಯಲ್ಲಿರುತ್ತದೆ.

ಡಬ್ಬಿಗೆ ಡಿಸ್ಟಿಲ್ಡ್ ನೀರು ಸಿಕ್ಕರೆ ಉತ್ತಮ. ಸಿಗದಿದ್ದರೆ ನಾಲ್ಕು ದಿನದ ಮಟ್ಟಿಗೆ ಚೆನ್ನಾಗಿ ಕುದಿಸಿ ಆರಿಸಿದ ನೀರು ನಡೆಯುತ್ತದೆ, ಡಬ್ಬಿಯ ತಳದಲ್ಲಿ ಬಿಳಿ ಪೊರೆ ಕಟ್ಟಬಹುದು, ಮನೆಗೆ ಬಂದು ತೊಳೆದರಾಯಿತು. ನಲ್ಲಿಯ ನೀರನ್ನು ಹಾಗೇ ತುಂಬಬೇಡಿ. ಅದರಲ್ಲಿರಬಹುದಾದ ಕೆಲವು ಸೂಕ್ಷ್ಮಜೀವಿಗಳು ಕುಡಿದರೆ ಹೊಟ್ಟೆಯಲ್ಲಿ ಸಾಯುತ್ತವೆ, ಮೂಗಿನ ದಾರಿಯಲ್ಲಿ ಆ ರಕ್ಷಣೆ ಇಲ್ಲ.

ಹೊಸ ಊರಿನ ಸಮಯಕ್ಕೆ ಯಂತ್ರದ ಗಡಿಯಾರ ತಿರುಗಿಸುವ ಗೋಜಿಗೆ ನಾನು ಹೋಗುವುದಿಲ್ಲ. ಹಲವು ಯಂತ್ರಗಳು ಒಂದು ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ದಿನವೆಂದು ಲೆಕ್ಕ ಇಡುತ್ತವೆ. ದೂರದ ದೇಶದಲ್ಲಿ ಒಂದೇ ರಾತ್ರಿಯ ನಿದ್ದೆ ವರದಿಯಲ್ಲಿ ಎರಡು ದಿನಕ್ಕೆ ಹಂಚಿಹೋಗಬಹುದು. ಅದು ದೋಷವಲ್ಲ, ವೈದ್ಯರಿಗೆ ಪ್ರಯಾಣದ ತಾರೀಖು ಹೇಳಿದರೆ ಸಾಕು. ಆದರೆ ಏರ್‌ಪ್ಲೇನ್ ಮೋಡ್ ಆಫ್ ಮಾಡಲು ಮರೆತರೆ ಆ ರಾತ್ರಿಗಳ ಲೆಕ್ಕ ಯಂತ್ರದಿಂದ ಆಚೆ ಹೋಗುವುದೇ ಇಲ್ಲ. ಅದಕ್ಕೇ ಕೋಣೆಗೆ ಕಾಲಿಟ್ಟ ಮೇಲೆ, ಸೂಟ್‌ಕೇಸ್ ತೆರೆಯುವ ಮೊದಲು, ಯಂತ್ರವನ್ನು ಹಾಸಿಗೆಯ ಪಕ್ಕ ಜೋಡಿಸಿ, ಮೋಡ್ ತೆಗೆದು, ಒಂದು ನಿಮಿಷ ಊದಿಸಿ ನೋಡುತ್ತೇನೆ.